ಊರ ತಂಡ ಬಿಟ್ಟು ಹೋದವರು

ನಮ್ಮ ವಾಚನಾಲಯದ ಕಟ್ಟಿ ಮ್ಯಾಲ ಹುಡುಗರು ಜಗಳ ಆಡಿದ್ದು 2025ರ ಏಪ್ರಿಲ್ ತಿಂಗಳಾಗ. ಕ್ರಿಕೆಟ್ಟಿನ ಜಗಳ. ಹಿಂದಿನ ದಿನ ರಾತ್ರಿ, ಏಪ್ರಿಲ್ 2ಕ್ಕ, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಾಗ ಗುಜರಾತ್ ತಂಡದ ಪರ ಆಡಿದ ಮೊಹಮ್ಮದ್ ಸಿರಾಜ್ 19 ರನ್ ಕೊಟ್ಟು 3 ವಿಕೆಟ್ ತೆಗೆದಿದ್ದ. ಬೆಂಗಳೂರು ಸೋತಿತು. ಏಳು ವರ್ಷ ಬೆಂಗಳೂರಿಗೆ ಆಡಿದವನು ಅದೇ ಬೆಂಗಳೂರನ್ನ ಸೋಲಿಸಿದ ಅಂತ ನಮ್ಮ ಹುಡುಗರಿಗೆ ಸಿಟ್ಟು. ಒಬ್ಬ ಅಂತೂ, "ಉಂಡ ಮನಿ ಜಂತಿ ಎಣಿಸಿದ" ಅಂದ.

ಆ ಮಾತು ಕೇಳಿ ನನ್ನ ಎದಿಗೆ ಕಲ್ಲು ಬಿದ್ದಂಗ ಆಯ್ತು. ಯಾಕ ಅಂತ ಮುಂದ ಹೇಳ್ತೀನಿ. ಹುಡುಗರಿಗೆ ಅಷ್ಟು ಮಾತ್ರ ಕೇಳಿದೆ: "ಏ ತಮ್ಮಗಳಿರಾ, ಸಿರಾಜ್ ಎಲ್ಲಿಯವ?" "ಹೈದರಾಬಾದಿನವ ಕಾಕಾ, ಆಟೋ ಹೊಡೆಯೋನ ಮಗ." "ಮೊದಲ ಯಾವ ತಂಡದಾಗ ಇದ್ದ?" ಅವರೇ ಹೇಳಿದರು, 2017ರಾಗ ಹೈದರಾಬಾದ್ ಸನ್‌ರೈಸರ್ಸ್ ತಂಡದಾಗ ಇದ್ದ, 2018ಕ್ಕ ಬೆಂಗಳೂರಿಗೆ ಬಂದ ಅಂತ. ಹಂಗಾದರ ಅಂವ ತನ್ನ ಊರ ತಂಡ ಬಿಟ್ಟು ನಿಮ್ಮ ತಂಡಕ್ಕ ಬಂದಾಗ ಯಾರೂ ಏನೂ ಅನಲಿಲ್ಲಲ್ಲ ಅಂದೆ. ಹುಡುಗರು ನಕ್ಕರು. ಬೆಂಗಳೂರಿನವರು ಅವನನ್ನು ಉಳಿಸಿಕೊಳ್ಳಲಿಲ್ಲ, ಹರಾಜಿನಾಗ ಗುಜರಾತಿನವರು ತಗೊಂಡರು. ಅದರಾಗ ಅವನ ತಪ್ಪು ಏನದ? ಅದೇ ವರ್ಷ ಜೂನ್ 3ಕ್ಕ ಬೆಂಗಳೂರು ಕಪ್ ಗೆದ್ದ ಮ್ಯಾಲ ನಮ್ಮ ಹುಡುಗರು ಸಿರಾಜನನ್ನು ಕ್ಷಮಿಸಿದರು ಅನ್ನೋದು ಬೇರೆ ಮಾತು.

ಪುಸ್ತಕಕ್ಕೆ ಇತಿಹಾಸದ ಬಗ್ಗೆ ಏನಾದರೂ ಬರೆದು ಕೊಡ್ರಿ ಅಂತ ಇದೇ ಹುಡುಗರು ಕೇಳಿದಾಗ, ರಾಜರ ಇತಿಹಾಸ ನನಗೆ ಬರೂದಿಲ್ಲ, ಊರ ತಂಡ ಬಿಟ್ಟು ಹೋದವರ ಇತಿಹಾಸ ಬರೀತೀನಿ ಅಂದೆ. ನಾನು ಓದಿದ್ದು ಏಳನೆತ್ತ. ನನಗೆ ಈ ಇತಿಹಾಸ ಹೇಳಿದವರು ನನ್ನ ಕಾಕಾ. ಅವರು ಹೈದರಾಬಾದಿನ ಆಬಿಡ್ಸ್ ಕಡೆ ಒಂದು ಇರಾಣಿ ಹೋಟೆಲಿನಾಗ ಕಪ್ಪು ಬಸಿ ತೊಳೆದು, ಆಮೇಲೆ ಚಹಾ ಕೊಡೋ ಕೆಲಸಕ್ಕೆ ಏರಿದವರು. ಫತೇ ಮೈದಾನ ಅಲ್ಲಿಗೆ ಹತ್ತಿರ. ಈಗ ಅದಕ್ಕೆ ಲಾಲ್ ಬಹದ್ದೂರ್ ಸ್ಟೇಡಿಯಂ ಅಂತಾರ. ಕಾಕಾಗೆ ಕ್ರಿಕೆಟ್ ಗೊತ್ತಿರಲಿಲ್ಲ. ಆಗಿನ ಹೈದರಾಬಾದಿಗೆ ಫುಟ್‌ಬಾಲ್ ಅಂದ್ರ ಜೀವ.

ಈಗಿನವರು ನಂಬೂದಿಲ್ಲ, ಆದರೆ ಖರೆ: 1950ರಿಂದ 1954ರ ತನಕ, ಐದು ವರ್ಷ ಸಾಲಾಗಿ, ಮುಂಬೈದ ರೋವರ್ಸ್ ಕಪ್ ಗೆದ್ದದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡ. 1950ರಾಗ ಕಲಕತ್ತೆಯ ಮೋಹನ್ ಬಾಗಾನ್ ತಂಡವನ್ನ ಸೋಲಿಸಿ ದೆಹಲಿಯ ಡ್ಯುರಾಂಡ್ ಕಪ್ಪನ್ನೂ ತಂದರು. ಅವರಿಗೆ ಆಟ ಕಲಿಸಿದವರು ಸೈಯದ್ ಅಬ್ದುಲ್ ರಹೀಂ ಸಾಹೇಬರು, ಮೊದಲು ಸಾಲಿ ಮಾಸ್ತರರಾಗಿದ್ದವರು. ಭಾರತ ತಂಡಕ್ಕೂ ಅವರೇ ಗುರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಾಗ ಭಾರತ ನಾಲ್ಕನೇ ಸ್ಥಾನಕ್ಕ ಬಂದಾಗ ಆ ತಂಡದಾಗ ನಮ್ಮ ಹೈದರಾಬಾದಿನ ಹುಡುಗರು ಒಬ್ಬಿಬ್ಬರಲ್ಲ, ಹಲವರು ಇದ್ದರು.

ಇಲ್ಲೊಂದು ಮಾತು ಹೇಳಬೇಕು. 1956 ನಮ್ಮ ಕಡಿ ಬೇರೆ ಕಾರಣಕ್ಕ ನೆನಪಿರೋ ವರ್ಷ. ನವೆಂಬರ್ 1ಕ್ಕ ಹೈದರಾಬಾದ್ ರಾಜ್ಯ ಒಡೆದು ಮೂರು ಭಾಗ ಆಯ್ತು. ಅಲ್ಲಿ ತನಕ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲಾದಾಗ ಇದ್ದವು. ನಮ್ಮ ನ್ಯಾಲಕಲ್ ಭಾಗ ಬೀದರ ತಾಲೂಕಿನಾಗೇ ಇತ್ತು. ತಾಂಡೂರು, ಕೊಡಂಗಲ್ ಗುಲಬರ್ಗಾ ಜಿಲ್ಲಾದಾಗ. ಬೀದರ, ಗುಲಬರ್ಗಾ ಮೈಸೂರು ರಾಜ್ಯಕ್ಕ ಹೋದವು, ನಮ್ಮ ತಾಲೂಕುಗಳನ್ನ ಕಿತ್ತು ಆಂಧ್ರಪ್ರದೇಶಕ್ಕ ಹಾಕಿದರು. ಜಹೀರಾಬಾದ, ನಾರಾಯಣಖೇಡ ಮೆದಕಕ್ಕ, ತಾಂಡೂರು ಹೈದರಾಬಾದ್ ಜಿಲ್ಲಾಕ್ಕ, ಕೊಡಂಗಲ್ ಮಹಬೂಬನಗರಕ್ಕ. ನಮ್ಮಪ್ಪ ಹೇಳ್ತಿದ್ದರು, ರಾತ್ರಿ ಮಲಗಿದ್ದು ಬೀದರದಾಗ, ಬೆಳಿಗ್ಗೆ ಎದ್ದದ್ದು ಮೆದಕದಾಗ, ಹೊರಸು ಮಾತ್ರ ಅಲ್ಲೇ ಇತ್ತು ಅಂತ. ನಾವು ಯಾರನ್ನೂ ಬಿಟ್ಟು ಹೋಗಲಿಲ್ಲ. ಆದರೂ ಬೀದರದ ಬೀಗರು ಮದುವಿ ಮುಂಜಿವಿಗೆ ಬಂದಾಗ, "ನೀವು ಆಂಧ್ರದವರಾದ್ರಿ" ಅಂತ ಮೋಜು ಮಾಡ್ತಿದ್ದರಂತ. ಆ ಮೋಜು ನಮ್ಮಪ್ಪಗ ಹತ್ತುತ್ತಿತ್ತು. ಆದ್ದರಿಂದ ಬಿಟ್ಟು ಹೋದವ ಅನ್ನೋ ಮಾತು ನಮ್ಮ ಕಡೆಯವರಿಗೆ ಸ್ವಲ್ಪ ಹೆಚ್ಚೇ ನಾಟ್ತದ ಅಂತ ನನ್ನ ಅನಿಸಿಕೆ.

ರಾಜ್ಯ ಹೋಯ್ತು, ಆದರೆ ಫುಟ್‌ಬಾಲ್ ತಂಡದ ಹೆಸರು ಇನ್ನೂ ಹೈದರಾಬಾದ್ ಅಂತಲೇ ಇತ್ತು. ಆ 1956-57ರ ಹಂಗಾಮಿನಾಗ ಹೈದರಾಬಾದ್ ತಂಡ ಮುಂಬೈಯನ್ನ ಸೋಲಿಸಿ ಸಂತೋಷ ಟ್ರೋಫಿ ಗೆದ್ದಿತು. ಆ ತಂಡದಾಗ ಒಬ್ಬ ಎಳೇ ಹುಡುಗ ಇದ್ದ, ತುಳಸೀದಾಸ್ ಬಲರಾಂ. ಸಿಕಂದರಾಬಾದಿನ ಅಮ್ಮುಗುಡ ಅನ್ನೋ ಹಳ್ಳಿಯವ. ಬಡವರ ಮಗ. ದಿನಾ ಆಡಲಿಕ್ಕೆ ಬರಾಕ ಸೈಕಲ್ ಬಾಡಗಿಗೆ ರಹೀಂ ಸಾಹೇಬರೇ ರೊಕ್ಕ ಕೊಡ್ತಿದ್ದರು. ಮೆಲ್ಬೋರ್ನಿಗೂ ಹೋಗಿ ಬಂದ. ಊರು ತಲಿ ಮ್ಯಾಲ ಹೊತ್ತುಕೊಂಡಿತು. 1957ಕ್ಕ ಹುಡುಗ ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿಬಿಟ್ಟ.

ಕಾಕಾ ಹೇಳ್ತಿದ್ದರು: ಆ ದಿನ ಹೋಟೆಲಿನಾಗ ಮಂದಿ ಚಹಾ ಮುಂದಿಟ್ಟುಕೊಂಡು ಕುಡೀಲೇ ಇಲ್ಲ. ಒಬ್ಬ ಟಾಂಗಾದವ ಮೇಜು ಬಡಿದು ಬೈದ. ರಹೀಂ ಸಾಹೇಬರ ಉಪ್ಪು ತಿಂದು ಬಂಗಾಲಿ ಬಾಬುಗಳಿಗೆ ಗೋಲು ಹೊಡೀತಾನಾ ಅಂತ. ಇನ್ನೊಬ್ಬ ಮುದುಕ, ಪೊಲೀಸಿನಾಗ ಇದ್ದು ನಿವೃತ್ತ ಆದವ, ಸಾವಕಾಶ ಹೇಳಿದನಂತ: "ಇಲ್ಲೇ ಇದ್ದರ ಏನು ಕೊಡ್ತಿದ್ದಿ ಬೇಟಾ? ಕಾನ್‌ಸ್ಟೇಬಲ್ ಟೊಪಗಿ." ಅಷ್ಟಕ್ಕೇ ಹೋಟೆಲ್ ಸುಮ್ಮನಾಯ್ತು. ಕಾಕಾ ಮಾತ್ರ ಟಾಂಗಾದವನ ಕಡಿ. ಎಷ್ಟೋ ವರ್ಷ ಬಲರಾಂ ಹೆಸರು ಎತ್ತಿದರ ಮುಖ ತಿರುಗಿಸ್ತಿದ್ದರು. ಹಂಗಂತ ಉರ್ದು ಪೇಪರಿನಾಗ ಕಲಕತ್ತೆ ಲೀಗಿನ ಸುದ್ದಿ ಬಂದರ ಓದಿಸಿಕೊಂಡು ಕೇಳದೇ ಬಿಡ್ತಿರಲಿಲ್ಲ. 1961ರಾಗ ಬಲರಾಂ ನಾಯಕನಾಗಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಾಗ ಗಿರಾಕಿಗಳಿಗೆ ಸುಳ್ಳೇ ಸಕ್ಕರಿ ಜಾಸ್ತಿ ಹಾಕಿದ್ದರಂತ.

ಹೋದವ ಬಲರಾಂ ಒಬ್ಬನೇ ಅಲ್ಲ. ಅವನಕಿಂತ ಮೊದಲು, 1949ರಾಗ, ಬೆಂಗಳೂರಿನ ಅಹಮದ್ ಖಾನ್ ಈಸ್ಟ್ ಬೆಂಗಾಲಿಗೆ ಹೋದವರು. ಲಂಡನ್ ಒಲಿಂಪಿಕ್ಸಿನಾಗ ಬರಿಗಾಲಿಲೇ ಆಡಿದವರು ಅವರು. ಅವರ ಜೋಡಿ ವೆಂಕಟೇಶ್, ಧನರಾಜ್, ಕೇರಳದ ಸಾಲೆ, ಕಾಕಿನಾಡದ ಅಪ್ಪಾರಾವ್. ಈ ಐದು ಮಂದಿಗೆ ಕಲಕತ್ತೆಯವರು ಪಂಚ ಪಾಂಡವರು ಅಂತ ಹೆಸರಿಟ್ಟರು. ಐವರಾಗ ಒಬ್ಬನೂ ಬಂಗಾಲಿ ಅಲ್ಲ ನೋಡ್ರಿ! ಹಾಡುಗಾರನಾದ ನನಗೆ ಇದು ಬಾಳ ಖುಷಿ ಕೊಡ್ತದ. ದಕ್ಷಿಣದವರು ಹೋಗಿ ಅವರ ಭಾರತ ಕಟ್ಟಿಕೊಟ್ಟರು. ಕಲಕತ್ತೆಯ ಕ್ಲಬ್ಬಿನವರು ರೊಕ್ಕ ಕೊಡ್ತಿದ್ದರು, ಇರಲಿಕ್ಕೆ ಖೋಲಿ ಕೊಡ್ತಿದ್ದರು, ನೌಕರಿ ಹಿಡಿಸಿಕೊಡ್ತಿದ್ದರು. ಅದಕ್ಕೂ ಮಿಗಿಲು, ಸಾವಿರಾರು ಮಂದಿ ಮಳಿಯಾಗ ನಿಂತು ನೋಡ್ತಿದ್ದರು. ಕಲಾವಿದನಿಗೆ ಅದೂ ಒಂದು ಹಸಿವು.

ಮುಂದ ಹೋದವರು ನಯೀಮುದ್ದೀನ್, ಮೊಹಮ್ಮದ್ ಹಬೀಬ್, ಅವರ ತಮ್ಮ ಅಕ್ಬರ್. ರಹೀಂ ಸಾಹೇಬರು 1962ರಾಗ ಜಕಾರ್ತದ ಏಷ್ಯನ್ ಗೇಮ್ಸಿನಾಗ ಭಾರತಕ್ಕೆ ಚಿನ್ನ ಗೆಲ್ಲಿಸಿ, ಮರುವರ್ಷ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. 1965ರಾಗ ಆಂಧ್ರಪ್ರದೇಶ ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ ಟ್ರೋಫಿ ಗೆದ್ದಿತು. ಅದರಾಗ ಆಡಿದ ಹಬೀಬನನ್ನ 1966ಕ್ಕ ಈಸ್ಟ್ ಬೆಂಗಾಲ್ ಕರೆದೊಯ್ದಿತು. ಆ ಕಪ್ಪು ಮತ್ತ ಹೈದರಾಬಾದಿಗೆ ಬಂದಿಲ್ಲ. ಕಲಕತ್ತೆಯ ಮಂದಿ ಹಬೀಬರಿಗೆ "ಬಡೇ ಮಿಯಾ" ಅಂತಿದ್ದರು. 1977ರ ಸೆಪ್ಟೆಂಬರ್ 24ಕ್ಕ ಜಗತ್ಪ್ರಸಿದ್ಧ ಪೆಲೆ ಕಲಕತ್ತೆಗೆ ಬಂದು ಆಡಿದಾಗ ಮೋಹನ್ ಬಾಗಾನ್ ಎರಡು ಗೋಲು ಹೊಡೀತು, ಆಟ ಸಮ ಆಯ್ತು. ಆ ಎರಡರಾಗ ಒಂದು ಹಬೀಬರದು. ಆವಾಗ ನಾನು ಎಮ್ಮಿ ಮೇಯಿಸೋ ಹುಡುಗ. ಕಾಕಾ ಊರಿಗೆ ಬಂದಾಗ ಆ ಗೋಲಿನ ಕತಿಯನ್ನ ತಾವೇ ಹೊಡೆದವರಂಗ ಹೇಳಿದ್ದು ನೆನಪದ.

ಇನ್ನ ಕಲಕತ್ತೆಯ ಒಳಗೇ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕ ಹೋದರ ದೊಡ್ಡ ರಂಪಾಟ. ಸಹಿ ಮಾಡೋ ದಿನ ಬರೋ ತನಕ ಆಟಗಾರರನ್ನ ಬಚ್ಚಿಡ್ತಿದ್ದರಂತ, ಮದುವಿ ಹೆಣ್ಣಿನಂಗ. ಅದಿರಲಿ.

ಈಗ ನನ್ನ ಮಾತಿಗೆ ಬರ್ತೀನಿ. ನಮ್ಮೂರಾಗ ಮೊಹರಂಗೆ ರಿವಾಯತ ಪದ ಹಾಡೋ ಮ್ಯಾಳ ಅದ. ಅಕ್ಕಪಕ್ಕದ ಊರುಗಳ ಮ್ಯಾಳ ಬಂದು ಕತ್ತಲ್ ರಾತ್ರಿ ಅಲಾಯಿ ಮುಂದ ಸವಾಲ್ ಜವಾಬ್ ನಡೀತದ. ಅದು ನಮ್ಮ ಫುಟ್‌ಬಾಲ್. ನನ್ನ ಜೋಡಿದಾರನೊಬ್ಬ ಇದ್ದ, ನನಗಿಂತ ಎರಡು ವರ್ಷ ಸಣ್ಣವ. ನಾ ಪದ ಕಟ್ಟಾಂವ, ಅಂವ ಏರುದನಿಯಾಗ ಎತ್ತಾಂವ. ಅವನ ದನಿ ಎದ್ದರ ಹಲಗಿ ಬಡಿಯೋನ ಕೈ ತಾನೇ ಚುರುಕಾಗ್ತಿತ್ತು. ಸುತ್ತಿನ ಹತ್ತೂರಾಗ ನಮ್ಮ ಮ್ಯಾಳಕ್ಕ ಸೋಲು ಇರಲಿಲ್ಲ. 1988ರಾಗೋ 89ರಾಗೋ ಅಂವ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಗಡಿ ಆಚೆ, ಬೀದರ ಕಡೆಯ ಒಂದು ಊರಿಗೆ ಹೋದ. ಅಲ್ಲಿಯ ಗೌಡರು ಎರಡು ಎಕರೆ ಹೊಲ ಪಾಲಿಗೆ ಕೊಟ್ಟರು. ಮರು ಮೊಹರಂಗೆ ಆ ಊರ ಮ್ಯಾಳದ ಮುಂದ ನಿಂತು ನಮ್ಮೂರಿಗೇ ಬಂದ.

ಊರಾಗ ಅವನಿಗೆ ಯಾರೂ ಬಾ ಅನಲಿಲ್ಲ. ನಾನಂತೂ ಒಂದು ತಿಂಗಳು ಮೊದಲೇ ಪದ ಕಟ್ಟಿ ಇಟ್ಟಿದ್ದೆ. ಉಂಡ ಮನಿ ಜಂತಿ ಎಣಿಸಿದವ ಅಂತ ಪಲ್ಲವಿ ಮಾಡಿ, ಅವನ ಹೆಸರು ಹೇಳದೇ, ಎಲ್ಲರಿಗೂ ತಿಳಿಯೋ ಹಂಗ. ಹಾಡಿದೆ. ಮಂದಿ ಸಿಳ್ಳಿ ಹೊಡೆದರು. ಅವನ ಮ್ಯಾಳದವರು ಜವಾಬ್ ಕೊಡು ಅಂತ ಅವನ ಮುಖ ನೋಡಿದರು. ಅಂವ ಹಲಗಿ ಮ್ಯಾಲ ಕೈ ಇಟ್ಟು ನಿಲ್ಲಿಸಿದ. ನನ್ನ ಹತ್ತಿರ ಬಂದು ಮೆಲ್ಲಗ ಹೇಳಿದ:

"ಅಣ್ಣಾ, ಪದ ಚಲೋ ಕಟ್ಟೀದಿ. ಆದ್ರ ಈ ಊರಾಗ ನಾ ಯಾರ ಮನಿಯಾಗ ಉಂಡೀನಿ, ಅದೊಂದು ಹೇಳು."

ನನ್ನ ಹತ್ತಿರ ಜವಾಬ್ ಇರಲಿಲ್ಲ. ಅವನಿಗೆ ಹೊಲ ಇರಲಿಲ್ಲ, ನಮ್ಮ ಹೊಲದಾಗೇ ಕೂಲಿಗೆ ಬರ್ತಿದ್ದ. ಹಾಡಿನಾಗ ಭುಜಕ್ಕ ಭುಜ ಕೊಟ್ಟು ನಿಲ್ತಿದ್ದೆವು. ಊಟದ ಹೊತ್ತಿಗೆ ಅಂವ ಅಂಗಳದಾಗ ಕುಂತು ರೊಟ್ಟಿ ಇಸಕೊಂಡು ಹೋಗ್ತಿದ್ದ. ಒಳಗ ಕರೆದು ಕೂಡಿಸಿದ್ದು ನನಗೆ ನೆನಪಿಲ್ಲ. ಹತ್ತು ವರ್ಷ ಜೋಡಿ ಹಾಡಿದವರು ನಾವು.

ಆ ರಾತ್ರಿ ನಾನು ಮಾಳಿಗಿ ಮ್ಯಾಲ ಒಬ್ಬನೇ ಮಲಗಿದ್ದೆ. ಕಾಕಾ ಆಗ ನೌಕರಿ ಬಿಟ್ಟು ಊರಿಗೆ ಬಂದಿದ್ದರು. ಮೇಲೆ ಬಂದು ಬೀಡಿ ಹಚ್ಚಿ ಬಲರಾಂ ಕತಿ ಮತ್ತೊಮ್ಮೆ ಹೇಳಿದರು, ಈ ಸಲ ಆ ಮುದುಕ ಪೊಲೀಸಿನವನ ಕಡಿಯಿಂದ. "ನಾ ಅವನ ಮ್ಯಾಲ ಸಿಟ್ಟಾದೆ, ಯಾಕಂದ್ರ ಆಟ ನೋಡಿ ನನಗ ಸುಖ ಸಿಗ್ತಿತ್ತು. ಅವನಿಗೆ ನಾ ಏನು ಕೊಟ್ಟಿದ್ದೆ? ಗ್ವಾಡಿ ಹತ್ತಿ ಟಿಕೀಟಿಲ್ಲದೇ ನೋಡಿದವ ನಾನು."

ನನ್ನ ಮೊಮ್ಮಗಳು ಹೈದರಾಬಾದಿನ ಕಾಲೇಜಿನಾಗ ಬಾಸ್ಕೆಟ್‌ಬಾಲ್ ಆಡ್ತಾಳ. ಈ ಲೇಖನ ಓದಿ ಹೇಳಿದಾಗ ಅಮೆರಿಕಾದ್ದೊಂದು ಸಂಗತಿ ಹೇಳಿದಳು. ಲೆಬ್ರಾನ್ ಜೇಮ್ಸ್ ಅಂತ ಆಟಗಾರ, ಆಕ್ರನ್ ಊರವ, ಪಕ್ಕದ ಕ್ಲೀವ್‌ಲ್ಯಾಂಡ್ ತಂಡಕ್ಕ ಆಡ್ತಿದ್ದ. 2010ರ ಜುಲೈ 8ಕ್ಕ ಟೀವಿಯಾಗ ಕುಂತು ಮಯಾಮಿಗೆ ಹೋಗ್ತೀನಿ ಅಂದ. ಮಂದಿ ಅವನ ಹೆಸರಿನ ಅಂಗಿ ಬೀದಿಯಾಗ ಸುಟ್ಟರು. ತಂಡದ ಮಾಲೀಕ ಸಿಟ್ಟಿನ ಪತ್ರ ಬರೆದ. 2014ಕ್ಕ ತಿರುಗಿ ಬಂದ, 2016ರಾಗ ಕಪ್ ಗೆಲ್ಲಿಸಿದ. ಆ ಊರಿನ ದೊಡ್ಡ ತಂಡಗಳು 52 ವರ್ಷ ಕಪ್ ಕಂಡಿರಲಿಲ್ಲ. 2018ಕ್ಕ ಮತ್ತ ಬಿಟ್ಟು ಲಾಸ್ ಏಂಜಲೀಸಿಗೆ ಹೋದ. ಈ ಸಲ ಎದುರು ತಂಡದವನಾಗಿ ಅಲ್ಲಿಗೆ ಬಂದಾಗ ಮಂದಿ ಎದ್ದು ನಿಂತು ಚಪ್ಪಾಳಿ ಹೊಡೆದರಂತ. ಕಪ್ ಗೆಲ್ಲಿಸಿದ್ದಕ್ಕ ಚಪ್ಪಾಳಿ ಬಿತ್ತು, ಗೆಲ್ಲಿಸದೇ ಇದ್ದರ? ಅಂತ ನಾ ಕೇಳಿದೆ. ಅಕಿ ನಕ್ಕಳು, ಹೇಳಲಿಲ್ಲ.

ಅಹಮದ್ ಖಾನ್ 2017ರಾಗ ಬೆಂಗಳೂರಿನಾಗೇ ತೀರಿಕೊಂಡರು. ಬಲರಾಂ ತಿರುಗಿ ಬರಲಿಲ್ಲ. ಬಂಗಾಳದ ಉತ್ತರಪಾಡಾದಾಗ ಉಳಿದು, 2023ರ ಫೆಬ್ರವರಿ 16ಕ್ಕ ಕಲಕತ್ತೆಯಾಗ ಕಣ್ಣು ಮುಚ್ಚಿದರು. ಹಬೀಬರು ಹೈದರಾಬಾದಿಗೆ ಬಂದಿದ್ದರು, ಅದೇ ವರ್ಷ ಆಗಸ್ಟ್ 15ಕ್ಕ ಹೋದರು. ಎರಡೂ ಸುದ್ದಿ ನಾ ಓದಿದ್ದು ಇದೇ ವಾಚನಾಲಯದಾಗ. ಕಾಕಾ ಇದ್ದಿದ್ದರ ಆ ಪೇಪರು ಮನಿಗೆ ಒಯ್ದು ಓದಿಸ್ಕೊತಿದ್ದರು.

ಜೋಡಿದಾರನ ಮಾತು ಇಲ್ಲಿ ಹಾಕಬೇಕಾದರ ಅವನನ್ನ ಕೇಳಬೇಕಲ್ಲ. ಹೋದ ವಾರ ಫೋನ್ ಮಾಡಿದೆ. ಹಲ್ಲು ಬಿದ್ದಾವ, ದನಿ ಇನ್ನೂ ಹಂಗೇ ಅದ. "ಹಾಕು ಅಣ್ಣಾ, ನನ್ನದೇನೂ ಇಲ್ಲ. ಹೆಸರು ಮಾತ್ರ ಬ್ಯಾಡ. ನಮ್ಮೂರವರು ಓದಿದರ ಬ್ಯಾಸರ ಮಾಡಿಕೊಂತಾರ" ಅಂದ. ಯಾವ ಊರು ಅಂತ ನಾ ಕೇಳಲಿಲ್ಲ.