1.8 ವೋಲ್ಟಿನ ಚರಿತ್ರೆ, ಲ್ಯಾಮಿಂಗ್ಟನ್ ರೋಡಿನಿಂದ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತ ಇದೆ. ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾನೆ! ಸರ್ ರಾಬರ್ಟ್ ಗ್ರಾಂಟ್ 1835ರಿಂದ 1838ರವರೆಗೆ ಬೊಂಬಾಯಿಯ ಗವರ್ನರ್, ಲಾರ್ಡ್ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ನಮ್ಮೆಲ್ಲರ ಬಾಯಲ್ಲಿ ಉಳಿದಿದೆ. ಈ ರಸ್ತೆಯಲ್ಲಿ ರೆಸಿಸ್ಟರು, ಡಯೋಡು, ಕೆಪಾಸಿಟರುಗಳನ್ನು ನಮ್ಮೂರ ಸಂತೆಯಲ್ಲಿ ಮೆಣಸು ಕೊತ್ತಂಬರಿ ಮಾರುವ ಹಾಗೆ ಮಾರುತ್ತಾರೆ.

ಬಿ.ಕಾಂ. ಓದಿ ಬ್ಯಾಂಕ್ ಸೇರಿದವನಿಗೆ ಇಲ್ಲೇನು ಕೆಲಸ ಅಂತೀರಾ? ನನ್ನ ತಂಗಿಯ ಮಗ ಇಂಜಿನಿಯರಿಂಗ್ ಹುಡುಗ. ತುಳಸಿ ಕುಂಡದ ಮಣ್ಣಿನ ತೇವ ಅಳೆದು ತಾನಾಗಿ ನೀರು ಬಿಡುವ ಯಂತ್ರ ಮಾಡುತ್ತೇನೆ ಅಂತ ಹೊರಟ. ಅದಕ್ಕೆ ಅವನು ಆರಿಸಿಕೊಂಡದ್ದು ಬೀಗಲ್‌ಬೋನ್ ಬ್ಲ್ಯಾಕ್, ಅಂಗೈಯಷ್ಟೇ ದೊಡ್ಡ ಕಂಪ್ಯೂಟರು. "ಮಾವ, ಇದಕ್ಕೆ 1.8 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಸತ್ತೇ ಹೋಗುತ್ತದೆ. ನನ್ನ ಗೆಳೆಯನದು ಹಾಗೇ ಹೋಯಿತು" ಅಂದ. ನನಗೆ ಆಶ್ಚರ್ಯ. ಒಂದು ಟಾರ್ಚ್ ಸೆಲ್ಲಿನದೇ 1.5 ವೋಲ್ಟು, ಎರಡು ಜೋಡಿಸಿದರೆ ಮಿತಿ ದಾಟಿಯೇ ಹೋಯಿತು. ಇಷ್ಟು ನಾಜೂಕಿನ ವಸ್ತು ಹೇಗೆ ಹುಟ್ಟಿತು? ಆ ಹುಡುಕಾಟದಲ್ಲಿ ಸಿಕ್ಕಿದ್ದು ಇದು.

ಕಥೆ 1858ಕ್ಕೆ ಹೋಗುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿ ಮುಗಿಸಿದರು. ಅಷ್ಟು ದೂರ ಬಂದ ಸಂಕೇತ ತೀರಾ ಕ್ಷೀಣ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಅದಕ್ಕೆಂದೇ ಕನ್ನಡಿ ಕಟ್ಟಿದ ಗ್ಯಾಲ್ವನೋಮೀಟರ್ ಮಾಡಿದ್ದರು. ಸಣ್ಣ ವಿದ್ಯುತ್ತಿಗೂ ಕನ್ನಡಿ ಅಲುಗಿ, ಗೋಡೆಯ ಮೇಲೆ ಬೆಳಕಿನ ಚುಕ್ಕೆ ಸರಿಯುತ್ತಿತ್ತು. ಆದರೆ ಕಂಪನಿಯ ವಿದ್ಯುತ್ ಅಧಿಕಾರಿ ವೈಲ್ಡ್‌ಮನ್ ವೈಟ್‌ಹೌಸ್ ಅವರಿಗೆ ಸಣ್ಣದರ ಮೇಲೆ ನಂಬಿಕೆ ಇರಲಿಲ್ಲ. ಸುಮಾರು 2000 ವೋಲ್ಟ್ ಕೊಟ್ಟರು. ಕೇಬಲ್ ತಯಾರಿಕೆಯಲ್ಲೇ ದುರ್ಬಲವಾಗಿತ್ತು, ಮೇಲೆ ಈ ಹೊಡೆತ. ಕೆಲವೇ ವಾರಗಳಲ್ಲಿ ಅದು ಮೂಕವಾಯಿತು. ಜನರ ಹಣ ಸಮುದ್ರದ ತಳ ಸೇರಿತು. (ಸಾಲ ವಸೂಲಿ ವಿಭಾಗದಲ್ಲಿ ದುಡಿದವನು ನಾನು, ಇಂಥದ್ದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.)

ಇದು ಮುಂಬಯಿಗೆ ಹೊರಗಿನ ಕಥೆಯೇನಲ್ಲ. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಆ ಕಾಲದ ದೈತ್ಯ ಹಡಗು ಬೊಂಬಾಯಿಯಿಂದ ಏಡನ್‌ವರೆಗೆ ಕೇಬಲ್ ಹಾಸಿತು. ಅದೇ ವರ್ಷ ನಮ್ಮ ಊರು ಸಮುದ್ರದಡಿಯಿಂದಲೇ ಲಂಡನ್ ಜೊತೆ ಮಾತಾಡಿತು. ಆ ಹೊತ್ತಿಗೆ ಸಣ್ಣ ವೋಲ್ಟು, ಸೂಕ್ಷ್ಮ ಉಪಕರಣ ಅನ್ನುವ ಥಾಮ್ಸನ್ನರ ದಾರಿಯೇ ಗೆದ್ದಿತ್ತು. ಸೂಕ್ಷ್ಮ ಉಪಕರಣಕ್ಕೆ ಕಾವಲು ಬೇಕಲ್ಲ? ಗ್ಯಾಲ್ವನೋಮೀಟರಿನ ಪಕ್ಕಕ್ಕೆ 'ಶಂಟ್' ಎಂಬ ತಂತಿ ಹಾಕಿ ಹೆಚ್ಚಿನ ವಿದ್ಯುತ್ತು ಆ ಬಳಸುದಾರಿಯಲ್ಲಿ ಹೋಗುವಂತೆ ಮಾಡುತ್ತಿದ್ದರು. ಸಿಡಿಲಿಗೆ ಬೇರೆ ಉಪಾಯ: ಲೈನಿಗೂ ನೆಲಕ್ಕೂ ನಡುವೆ ಕೂದಲೆಳೆ ಅಂತರ ಬಿಟ್ಟ ಎರಡು ತಟ್ಟೆ. ಸಾಮಾನ್ಯ ವಿದ್ಯುತ್ತು ಆ ಅಂತರ ಜಿಗಿಯದು, ಸಿಡಿಲು ಜಿಗಿದು ಭೂಮಿಗೆ ಇಳಿಯುತ್ತದೆ. ಹೆಚ್ಚಾದದ್ದಕ್ಕೆ ಬೇರೆ ದಾರಿ ತೋರಿಸು, ಒಳಗೆ ಬರುವುದನ್ನು ಕಡಿಮೆ ಮಾಡು. ಇವತ್ತಿನ ಬೀಗಲ್‌ಬೋನಿಗೂ ಇವೆರಡೇ.

ಆಮೇಲೆ ಬಂದದ್ದು ವಾಲ್ವ್ ರೇಡಿಯೋ ಯುಗ. ಬೊಂಬಾಯಿ ಆಕಾಶವಾಣಿ ಕೇಂದ್ರದ ಮೂಲವಾದ ಪ್ರಸಾರ ಶುರುವಾದದ್ದು 1927ರ ಜುಲೈ 23ಕ್ಕೆ. ವಾಲ್ವಿನ ಒಳಗೆ ನೂರಾರು ವೋಲ್ಟು ಓಡಾಡುತ್ತಿತ್ತು. ಸ್ವಲ್ಪ ಹೆಚ್ಚುಕಡಿಮೆಯಾದರೆ ಅದು ಸಹಿಸುತ್ತಿತ್ತು, ಹೋದರೂ ಕಿತ್ತು ಹೊಸದು ಸಿಕ್ಕಿಸಿದರೆ ಆಯಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ವಾಲ್ವ್, ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಶುರು ಮಾಡಿತು. 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 7400 ಸರಣಿಯ ಚಿಪ್ಪುಗಳು ಬಂದ ಮೇಲೆ 5 ವೋಲ್ಟೇ ಎಲ್ಲರ ನಾಣ್ಯವಾಯಿತು. ಇದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು, ಬೀಗಲ್‌ಬೋನಿನ ಹೃದಯವಾದ ಎಎಂ335ಎಕ್ಸ್ ಚಿಪ್ಪು ಕೂಡ ಇದರದ್ದೇ.

5 ವೋಲ್ಟು 1.8ಕ್ಕೆ ಇಳಿದದ್ದೇಕೆ? 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟರು: ಟ್ರಾನ್ಸಿಸ್ಟರ್ ಚಿಕ್ಕದಾದಷ್ಟು ವೋಲ್ಟೂ ಇಳಿಯಬೇಕು. ಒಳಗಿನ ನಿರೋಧಕ ಪದರ ಈಗ ಕೆಲವೇ ನ್ಯಾನೋಮೀಟರ್ ದಪ್ಪ, ಹೆಚ್ಚು ವೋಲ್ಟಿಗೆ ತೂತು ಬೀಳುತ್ತದೆ. ಹೀಗೆ ಇಳಿಯುತ್ತಾ ಬಂದದ್ದರಲ್ಲಿ ನಷ್ಟದ ಲೆಕ್ಕ ಮಾತ್ರ ಮೇಲಕ್ಕೇರಿತು. ಆಗ ಒಂದು ವಾಲ್ವ್ ಹೋಗುತ್ತಿತ್ತು. ಈಗ ಅಳೆಯುವ ಭಾಗ, ಲೆಕ್ಕ ಮಾಡುವ ಭಾಗ ಎಲ್ಲ ಒಂದೇ ಚಿಪ್ಪಿನೊಳಗೆ, ಆ ಚಿಪ್ಪಿನ ಬೆಸುಗೆಯೋ ಹೊಟ್ಟೆಯ ಕೆಳಗೆ. ಲ್ಯಾಮಿಂಗ್ಟನ್ ರೋಡಿನ ಎಂಥ ಕೈಚಳಕದವನಿಗೂ ಅದನ್ನು ಬದಲಿಸುವುದು ಸುಲಭವಲ್ಲ, ಬದಲಿಸಿದರೂ ಖರ್ಚು ಗಿಟ್ಟುವುದಿಲ್ಲ. ಕ್ಯಾಂಟೀನ್ ಚಹಾ ಬಿಟ್ಟು ಹಣ ಕೂಡಿಟ್ಟ ಹುಡುಗನಿಗೆ ಒಂದು ತಂತಿ ತಪ್ಪಿದರೆ ಸೆಮಿಸ್ಟರಿನ ಪ್ರಾಜೆಕ್ಟೇ ಹೋಯಿತು.

2013ರ ಈ ಬೋರ್ಡಿನಲ್ಲಿ ಹೊರಗಿನ ಅನಲಾಗ್ ಸಂಕೇತಕ್ಕೆ ಏಳು ಬಾಗಿಲು. ಸೊನ್ನೆಯಿಂದ 1.8 ವೋಲ್ಟನ್ನು 4096 ಮೆಟ್ಟಿಲು ಮಾಡಿ ಅಳೆಯುತ್ತದೆ. ತಮಾಷೆಯೆಂದರೆ, ಉಳಿದ ಪಿನ್ನುಗಳಿಗೆ 3.3 ವೋಲ್ಟ್ ನಡೆಯುತ್ತದೆ, ಮತ್ತು ಅದೇ ಸಾಲಿನಲ್ಲಿ 5 ವೋಲ್ಟಿನ ಪಿನ್ನೂ ಇದೆ! (ರಾಸ್ಪ್‌ಬೆರಿ ಪೈಯಲ್ಲಿ ಅನಲಾಗ್ ಬಾಗಿಲೇ ಇಲ್ಲ, ಹಾಗಾಗಿ ಬೇರೆ ಚಿಪ್ಪು ಹಾಕಬೇಕು. ಹೋದರೆ ಅದು ಹೋಗುತ್ತದೆ. ನನ್ನ ಮಟ್ಟಿಗೆ ಅದೇ ಜಾಣತನ.)

ಅಳಿಯನ ಸೆನ್ಸರ್ ಕೊಡುವುದು 5 ವೋಲ್ಟಿನವರೆಗೆ. ಮೊದಲ ಕಾವಲು ಎರಡು ರೆಸಿಸ್ಟರ್: ಮೇಲೆ 20 ಕಿಲೋ ಓಮ್, ಕೆಳಗೆ 10. ನಡುವೆ ಸಿಗುವುದು ಮೂರನೇ ಒಂದು ಪಾಲು, ಅಂದರೆ 1.67 ವೋಲ್ಟ್. ಕಾಮರ್ಸಿನವನಿಗೂ ಅರ್ಥವಾಗುವ ತ್ರೈರಾಶಿ. ಬಾಗಿಲ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಓದು ಅಲುಗಾಡದೆ ನಿಲ್ಲುತ್ತದೆ.

ಯಾರಾದರೂ 12 ವೋಲ್ಟನ್ನೇ ತಗಲಿಸಿದರೆ? ಮೂರನೇ ಒಂದು ಪಾಲೂ 4 ವೋಲ್ಟ್. ಇಲ್ಲಿ ಝೀನರ್ ಡಯೋಡ್ ನೆನಪಾಗುತ್ತದೆ. ಕ್ಲಾರೆನ್ಸ್ ಝೀನರ್ 1934ರಲ್ಲಿ ಸಿದ್ಧಾಂತ ಬರೆದರು, ಹೆಸರಿಟ್ಟದ್ದು ಶಾಕ್ಲಿ. ಹಳೆಯ 5 ವೋಲ್ಟಿನ ಕಾಲಕ್ಕೆ ಒಳ್ಳೆಯ ಕಾವಲುಗಾರ. ಆದರೆ 2 ವೋಲ್ಟಿನ ಆಸುಪಾಸಿನ ಝೀನರ್ ಮೆತ್ತಗಿನ ಮನುಷ್ಯ, ಸಮಯಕ್ಕೆ ಮೊದಲೇ ಬಾಗಿಲು ತೆರೆದು ಸೋರಲು ಶುರು ಮಾಡುತ್ತಾನೆ. ಅಳತೆ ಕೆಡುತ್ತದೆ. ಅದಕ್ಕಿಂತ ಬಿಎಟಿ54ಎಸ್ ವಾಸಿ: ಒಂದೇ ಪುಟ್ಟ ಕವಚದಲ್ಲಿ ಎರಡು ಶಾಟ್ಕಿ ಡಯೋಡ್. ಒಂದು ಹೆಚ್ಚಾದದ್ದನ್ನು 1.8 ವೋಲ್ಟಿನ ಲೈನಿಗೆ ತಳ್ಳುತ್ತದೆ, ಇನ್ನೊಂದು ಸೊನ್ನೆಗಿಂತ ಕೆಳಗಿಳಿದದ್ದನ್ನು ನೆಲದಿಂದ ತುಂಬಿಕೊಡುತ್ತದೆ.

ಇದರಲ್ಲೂ ಒಂದು ಕೊಕ್ಕೆ ಇದೆ. ಆ 1.8ರ ಲೈನಿನಿಂದ ವಿದ್ಯುತ್ತು ತೆಗೆಯುವವರು ಕಡಿಮೆ. ಠೇವಣಿ ಬರುತ್ತಲೇ ಇದೆ, ಸಾಲ ಕೇಳುವವರಿಲ್ಲ ಅನ್ನುವ ಬ್ಯಾಂಕಿನ ಸ್ಥಿತಿ. ತಳ್ಳಿದ್ದು ಖರ್ಚಾಗದೆ ಲೈನಿನ ವೋಲ್ಟೇ ಏರಬಹುದು. 20 ಕಿಲೋ ಓಮ್ ಮುಂದಿದ್ದರೆ 12 ವೋಲ್ಟಿನಿಂದ ಬರುವುದು ಅರ್ಧ ಮಿಲಿ ಆಂಪಿಯರ್ ಮಾತ್ರ, ಹಾಗಾಗಿ ಲೈನಿನಿಂದ ನೆಲಕ್ಕೆ 1 ಕಿಲೋ ಓಮ್ ಹಾಕಿದರೆ ಅದು ಅಷ್ಟನ್ನೂ ಕುಡಿಯುತ್ತದೆ. ಇನ್ನೂ ಭದ್ರ ಬೇಕಾದರೆ ಎಂಸಿಪಿ6001 ಥರದ ಆಪ್-ಆಂಪ್ ನಡುವೆ ಕೂರಿಸಿ, ಅದಕ್ಕೆ ಅನ್ನ ಹಾಕುವುದೂ 1.8 ವೋಲ್ಟಿನಿಂದಲೇ. ತನಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಹೊರಗೆ ಕೊಡಲು ಅದರಿಂದಾಗದು.

ಕೊನೆಗೊಂದು, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಬೋರ್ಡು ಆಫ್ ಇದ್ದಾಗ ಅದರ ಯಾವ ಪಿನ್ನಿಗೂ ವೋಲ್ಟು ಹೋಗಕೂಡದು ಅಂತ ಅದರ ಕೈಪಿಡಿಯಲ್ಲೇ ಇದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಗೆ ಮುಂಬಯಿಯೇ ಕರೆಂಟಿಲ್ಲದೆ ನಿಂತದ್ದು ನೆನಪಿದೆಯಲ್ಲ, ಲೋಕಲ್ ಟ್ರೈನು ಸಮೇತ? ಅಂಥ ಹೊತ್ತಲ್ಲಿ ಗೋಡೆಯ ಪ್ಲಗ್ಗಿನ ಬೋರ್ಡು ಮಲಗಿರುತ್ತದೆ, ಬೇರೆ ಬ್ಯಾಟರಿಯ ಸೆನ್ಸರ್ ಮಾತ್ರ ಎದ್ದು ಕೂತು ವೋಲ್ಟು ಕಳಿಸುತ್ತಲೇ ಇರುತ್ತದೆ. ಅದಕ್ಕೇ ಸೆನ್ಸರಿಗೂ ಬೋರ್ಡಿನಿಂದಲೇ ವಿದ್ಯುತ್ತು ಕೊಡುವುದು ಕ್ಷೇಮ. ಮಲಗಿದರೆ ಎರಡೂ ಒಟ್ಟಿಗೆ ಮಲಗುತ್ತವೆ.