ಗೆದ್ದವನ ಮೇಲಿನ ಗುಮಾನಿ: ಟೂರ್ ಡಿ ಫ್ರಾನ್ಸ್‌ನಲ್ಲಿ ಶಂಕೆ ಬೆಳೆದ ಬಗೆ

2015ರ ಜುಲೈ 18ರಂದು ಟೂರ್ ಡಿ ಫ್ರಾನ್ಸ್‌ನ ಸವಾರರು ಮಾಂದ್ ಊರಿನತ್ತ ಸಾಗುತ್ತಿದ್ದಾಗ ದಾರಿಬದಿಯಲ್ಲಿದ್ದ ಒಬ್ಬಾತ, ಮುನ್ನಡೆಯಲ್ಲಿರುವವನ ಹಳದಿ ಜೆರ್ಸಿ ತೊಟ್ಟಿದ್ದ ಕ್ರಿಸ್ ಫ್ರೂಮ್ ಮೇಲೆ ಮೂತ್ರ ತುಂಬಿದ ಲೋಟ ಎರಚಿ, ಮದ್ದುಕೋರ ಎಂದು ಕೂಗಿದ. ಆ ಹೊತ್ತಿಗೆ ಫ್ರೂಮ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿರಲಿಲ್ಲ. ಅರ್ಧ ಶತಮಾನದ ಹಿಂದೆ ಇದೇ ಫ್ರಾನ್ಸಿನ ರಸ್ತೆಗಳಲ್ಲಿ ಆಂಫೆಟಮಿನ್ ನುಂಗಿ ಪೆಡಲ್ ತುಳಿಯುತ್ತಿದ್ದವರಿಗೆ ಜನ ತಣ್ಣೀರು ಸುರಿದು, ಬೆನ್ನು ತಟ್ಟಿ, ಬೆಟ್ಟ ಹತ್ತಿಸುತ್ತಿದ್ದರು. ಮದ್ದು ತೆಗೆದುಕೊಂಡವರಿಗೆ ಆದರ, ಸಾಕ್ಷ್ಯವೇ ಇಲ್ಲದವನಿಗೆ ಮೂತ್ರಾಭಿಷೇಕ!

ಮೋಸ ಹೆಚ್ಚಿತು, ಅದಕ್ಕೇ ಅನುಮಾನವೂ ಹೆಚ್ಚಿತು ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಟೂರ್‌ನ ಚರಿತ್ರೆ ಅದನ್ನು ಪೂರ್ತಿ ಒಪ್ಪುವುದಿಲ್ಲ. ಮದ್ದು ಅಲ್ಲಿ ಮೊದಲಿನಿಂದಲೂ ಇತ್ತು. ಗುಮಾನಿ ಹುಟ್ಟಿದ್ದು ಪರೀಕ್ಷೆಗಳು ಬಂದ ಮೇಲೆ. ಅದು ಹೆಮ್ಮರವಾದದ್ದು ಆ ಪರೀಕ್ಷೆಗಳು ಏನನ್ನೂ ಹಿಡಿಯುತ್ತಿಲ್ಲ, ಹಿಡಿಯಬೇಕಾದವರಿಗೆ ಹಿಡಿಯುವ ಮನಸ್ಸೂ ಇಲ್ಲ ಎಂಬುದು ಬಯಲಾದಾಗ.

1924ರ ಪ್ರಸಂಗದಿಂದಲೇ ಶುರುಮಾಡಬಹುದು. ಹಿಂದಿನ ವರ್ಷದ ವಿಜೇತ ಆನ್ರಿ ಪೆಲಿಸಿಯೆ, ಅವನ ತಮ್ಮ ಫ್ರಾನ್ಸಿಸ್ ಮತ್ತು ಜೊತೆಗಾರ ಮೊರಿಸ್ ವಿಲ್ ಕೂತಾಂಸ್ ಎಂಬಲ್ಲಿ ಸ್ಪರ್ಧೆ ಬಿಟ್ಟು ಇಳಿದರು. ಜಗಳದ ಮೂಲ ಒಂದು ಜೆರ್ಸಿ. ಚುಮುಚುಮು ಚಳಿಗೆ ತೊಟ್ಟ ಬಟ್ಟೆಯನ್ನು ಬಿಸಿಲೇರಿದ ಮೇಲೆ ಬಿಚ್ಚಿ ಎಸೆಯುವಂತಿಲ್ಲ, ಹೊರಟಾಗ ಮೈಮೇಲಿದ್ದುದೆಲ್ಲ ಗುರಿ ಮುಟ್ಟುವಾಗಲೂ ಇರಬೇಕು ಎಂಬ ನಿಯಮ ಆಗ ಇತ್ತು. ಸಿಟ್ಟಿನಲ್ಲಿದ್ದ ಮೂವರೂ ಕೆಫೆಯೊಂದರಲ್ಲಿ ಕೂತು ಪತ್ರಕರ್ತ ಆಲ್ಬೆರ್ ಲೊಂಡ್ರ್ ಮುಂದೆ ತಮ್ಮ ಚೀಲ ಬಿಚ್ಚಿದರು. ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರ್ಮ್, ಜೊತೆಗೆ ಮೂರು ಪೆಟ್ಟಿಗೆ ಮಾತ್ರೆ. ವರದಿ ‘ಲೆ ಪೆತಿ ಪಾರಿಸಿಯೆನ್’ ಪತ್ರಿಕೆಯಲ್ಲಿ ಬಂತು. ಓದಿದವರು ಸವಾರರನ್ನು ಮೋಸಗಾರರೆಂದು ಬೈಯಲಿಲ್ಲ, ಇಂಥ ಗಾಣಕ್ಕೆ ಮನುಷ್ಯರನ್ನು ಕಟ್ಟಿದ್ದಾರಲ್ಲ ಎಂದು ಮರುಗಿದರು. ಬೈಗುಳ ಬಿದ್ದದ್ದು ಸಂಘಟಕ ಆನ್ರಿ ದೆಗ್ರಾಂಜ್‌ಗೆ. ಆತನೂ ಮದ್ದನ್ನು ತಪ್ಪೆಂದು ಎಣಿಸಿದಂತೆ ಕಾಣುವುದಿಲ್ಲ. 1930ರ ನಿಯಮಾವಳಿಯಲ್ಲಿ, ಸಂಘಟಕರು ಒದಗಿಸುವ ವಸ್ತುಗಳಲ್ಲಿ ಮದ್ದು ಸೇರಿಲ್ಲ ಎಂಬ ಸೂಚನೆಯಷ್ಟೇ ಇತ್ತು. ಬೇಕಿದ್ದವರು ಸ್ವಂತ ಖರ್ಚಿನಲ್ಲಿ ತಂದುಕೊಳ್ಳಬೇಕು, ಅಷ್ಟೆ.

ಇದು ಮಾನದ ಪ್ರಶ್ನೆಯಾದದ್ದು ಸಾವುಗಳ ನಂತರ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್‌ನ ಕ್ನುಡ್ ಎನೆಮಾರ್ಕ್ ಯೆನ್ಸನ್ ಸುಡುಬಿಸಿಲಲ್ಲಿ ಸೈಕಲ್‌ನಿಂದ ಬಿದ್ದು ತೀರಿಕೊಂಡ. ಆಂಫೆಟಮಿನ್ ಬಲಿ ಎಂದೇ ಆತ ದಶಕಗಳ ಕಾಲ ಪಠ್ಯಗಳಲ್ಲಿ ಉಳಿದ. ಡ್ಯಾನಿಷ್ ವಿದ್ವಾಂಸ ವರ್ನರ್ ಮೊಲರ್ ಮೂಲ ದಾಖಲೆಗಳನ್ನು ಹುಡುಕಿ ಹೊರಟಾಗ ಕಂಡದ್ದೇ ಬೇರೆ: ಅಧಿಕೃತ ವರದಿ ಸಾವಿಗೆ ಕೊಟ್ಟ ಕಾರಣ ಬಿಸಿಲಿನ ಹೊಡೆತ. ಮದ್ದಿನ ವಿರುದ್ಧದ ಇಡೀ ಚಳವಳಿಗೆ ನೆಪವಾದ ಸಾವೇ ಹೀಗೆ ಅರೆಬರೆ ಸಾಕ್ಷ್ಯದ ಮೇಲೆ ನಿಂತಿತ್ತು.

1965ರಲ್ಲಿ ಫ್ರಾನ್ಸ್ ಕಾನೂನು ತಂದಿತು. ಮರುವರ್ಷ ಜೂನ್‌ನಲ್ಲಿ ಬೊರ್ಡೊದ ಹೋಟೆಲಿಗೆ ಬಂದ ವೈದ್ಯರು ರೇಮೊಂ ಪೂಲಿಡೋರ್‌ನ ಮೂತ್ರದ ಮಾದರಿ ಪಡೆದರು. ಟೂರ್‌ನ ಮೊದಲ ಪರೀಕ್ಷೆ ಅದು. ಮರುದಿನ ಸವಾರರೆಲ್ಲ ಊರಾಚೆ ಸೈಕಲ್ ಇಳಿದು ನಡೆದೇ ಪ್ರತಿಭಟಿಸಿದರು. ಐದು ಸಲ ಟೂರ್ ಗೆದ್ದಿದ್ದ ಜಾಕ್ ಆಂಕೆತಿಲ್, ಬರೀ ನೀರು ಕುಡಿದು ಬೊರ್ಡೊದಿಂದ ಪ್ಯಾರಿಸ್‌ವರೆಗೆ ಸೈಕಲ್ ತುಳಿಯಲಾಗದು ಎಂಬರ್ಥದ ಮಾತನ್ನು ಯಾವ ಮುಚ್ಚುಮರೆಯಿಲ್ಲದೆ ಆಡುತ್ತಿದ್ದ. ಆತನ ಜನಪ್ರಿಯತೆಗೆ ಅದರಿಂದ ಕುಂದೇನೂ ಬರಲಿಲ್ಲ.

1967ರ ಜುಲೈ 13ರಂದು ಮೊಂ ವಾಂಟು ಬೆಟ್ಟದ ಬೋಳು ಕಲ್ಲುಗಳ ನಡುವೆ, ತುದಿ ಇನ್ನೇನು ಸಿಕ್ಕಿತು ಎನ್ನುವಾಗ, ಬ್ರಿಟನ್‌ನ ಟಾಮ್ ಸಿಂಪ್ಸನ್ ಕುಸಿದ. ಎತ್ತಿ ಕೂರಿಸಿದರು, ಮತ್ತೆ ಬಿದ್ದ. ವಯಸ್ಸು 29. ಜೆರ್ಸಿಯ ಹಿಂಜೇಬಿನಲ್ಲಿ ಮಾತ್ರೆಯ ಕೊಳವೆಗಳಿದ್ದವು. ದೇಹದಲ್ಲಿ ಆಂಫೆಟಮಿನ್ ಮತ್ತು ಮದ್ಯದ ಅಂಶ ಸಿಕ್ಕಿತು. ಮರುವರ್ಷದ ಟೂರ್ ಅನ್ನು ಸಂಘಟಕರು ‘ಆರೋಗ್ಯದ ಟೂರ್’ ಎಂದು ಸಾರಿ, ಖನಿಜ ಜಲಕ್ಕೆ ಹೆಸರಾದ ವಿತೆಲ್ ಊರಿನಿಂದಲೇ ಆರಂಭಿಸಿದರು. ಸಿಂಪ್ಸನ್ ಬಿದ್ದಲ್ಲಿ ಸ್ಮಾರಕ ಎದ್ದಿತು. ಆ ಘಟ್ಟ ಹತ್ತುವ ಹವ್ಯಾಸಿಗಳು ಇಂದಿಗೂ ಅಲ್ಲಿ ಟೋಪಿ, ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ಜನ ಅವನಿಗಾಗಿ ಶೋಕಿಸಿದರೇ ಹೊರತು ಅವನ ಗೆಲುವುಗಳನ್ನು ಕೆದಕಲಿಲ್ಲ.

ಪರೀಕ್ಷೆ ಬಂದ ಮೇಲೆ ಪರೀಕ್ಷೆಯನ್ನು ಏಮಾರಿಸುವ ಕಲೆಯೂ ಬಂತು. 1978ರಲ್ಲಿ ಆಲ್ಪ್ ದ್ಯುಯೆಜ್ ಬೆಟ್ಟದ ಮೇಲೆ ಗೆದ್ದು ಹಳದಿ ಜೆರ್ಸಿ ತೊಟ್ಟ ಬೆಲ್ಜಿಯಂನ ಮಿಷೆಲ್ ಪೊಲೆಂಟಿಯೆ ಪರೀಕ್ಷೆಯ ಕೋಣೆಗೆ ಹೋದಾಗ ಕಂಕುಳಲ್ಲಿ ರಬ್ಬರ್ ಬುರುಡೆ ಅಡಗಿಸಿಕೊಂಡಿದ್ದ. ಅದರೊಳಗೆ ಬೇರೆಯವರ ಮೂತ್ರ. ಅದರಿಂದ ಕೆಳಕ್ಕೆ ಇಳಿಬಿಟ್ಟ ಸಣ್ಣ ಕೊಳವೆ. ತೋಳನ್ನು ಮೈಗೆ ಒತ್ತಿದರೆ ಸಾಕು, ಮಾದರಿ ಸಿದ್ಧ. ಅಲ್ಲೇ ಇದ್ದ ಮತ್ತೊಬ್ಬ ಸವಾರನ ಉಪಕರಣ ಕೈಕೊಟ್ಟಿದ್ದರಿಂದ ವೈದ್ಯರಿಗೆ ಸಂಶಯ ಬಂದು ಅಂಗಿ ಎತ್ತಿಸಿದರು. ಆಗಿನ ಜನ ಇದನ್ನು ನಗೆಪಾಟಲಿನ ಪ್ರಸಂಗವಾಗಿ ನೆನೆದರು. ಅದರಲ್ಲಿದ್ದ ಗಂಭೀರ ಸಂಗತಿ ನಗೆಯಲ್ಲಿ ಮರೆಯಾಯಿತು: ಆ ಇನ್ನೊಬ್ಬನ ಕೊಳವೆ ಕೈಕೊಡದಿದ್ದರೆ ಪೊಲೆಂಟಿಯೆಯ ಫಲಿತಾಂಶ ಶುದ್ಧ ಎಂದೇ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ಇಪಿಒ ಬಂತು. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆಂದು ತಯಾರಾದ ಈ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ತಲುಪುತ್ತದೆ. ಆಂಫೆಟಮಿನ್ ದಣಿವನ್ನು ಮರೆಸುತ್ತಿತ್ತು, ಇದು ದೇಹದ ಎಂಜಿನ್ನನ್ನೇ ಬದಲಿಸಿತು. ಅದನ್ನು ಪತ್ತೆಹಚ್ಚುವ ಪರೀಕ್ಷೆಯೇ ಇರಲಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) 1997ರಲ್ಲಿ ಒಂದು ಅಡ್ಡದಾರಿ ಹಿಡಿಯಿತು: ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 50 ದಾಟಿದರೆ ಎರಡು ವಾರ ವಿಶ್ರಾಂತಿ. ಹೆಸರಿಗೆ ಆರೋಗ್ಯ ತಪಾಸಣೆ. ಕಾರ್ಯತಃ ಅದು 49ರವರೆಗೆ ಪರವಾನಗಿ ಕೊಟ್ಟಂತಾಯಿತು. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡವೊಂದರ ವೈದ್ಯರು ಒಂದು ಲೀಟರ್ ಸಲೈನ್ ಅನ್ನು ಮಳೆಯಂಗಿಯೊಳಗೆ ಬಚ್ಚಿಟ್ಟುಕೊಂಡು ತಪಾಸಣಾಧಿಕಾರಿಯ ಮುಂದೆಯೇ ಹಾದುಹೋಗಿ ಸವಾರನ ರಕ್ತವನ್ನು ತೆಳುಮಾಡಿದರು ಎಂಬ ಸಾಕ್ಷ್ಯ ಮುಂದೆ ದಾಖಲಾಯಿತು. ಆ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್.

ಅದೇ 1998ರ ಜುಲೈ 8ರಂದು ಬೆಲ್ಜಿಯಂ ಗಡಿಯಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳು ಫೆಸ್ಟಿನಾ ತಂಡದ ಕಾರೊಂದನ್ನು ತಡೆದರು. ಓಡಿಸುತ್ತಿದ್ದವನು ತಂಡದ ಮಾಲೀಷುಗಾರ ವಿಲ್ಲಿ ವುಟ್. ಇಪಿಒ, ಬೆಳವಣಿಗೆಯ ಹಾರ್ಮೋನು, ಟೆಸ್ಟೊಸ್ಟಿರಾನ್ ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಡೋಸುಗಳು ಕಾರಿನಲ್ಲಿದ್ದವು. ಪೊಲೀಸರು ಹೋಟೆಲುಗಳಿಗೆ ನುಗ್ಗಿದರು. ಸವಾರರು ರಸ್ತೆಯಲ್ಲೇ ಕೂತು ಮುಷ್ಕರ ಹೂಡಿದರು. ಕೆಲವು ತಂಡಗಳು ಗಂಟುಮೂಟೆ ಕಟ್ಟಿದವು. ಹೊರಟ 189 ಮಂದಿಯಲ್ಲಿ ಪ್ಯಾರಿಸ್ ಮುಟ್ಟಿದವರು 96. ಮರುವರ್ಷ ವಿಶ್ವ ಉದ್ದೀಪನ ಮದ್ದು ತಡೆ ಘಟಕ (ವಾಡಾ) ಹುಟ್ಟಲು ಈ ಹಗರಣವೇ ದೊಡ್ಡ ಪ್ರೇರಣೆ. ಇಲ್ಲಿ ಗಮನಿಸಬೇಕಾದ್ದು ಹಿಡಿದವರು ಯಾರು ಎಂಬುದನ್ನು. ಫೆಸ್ಟಿನಾ ಸವಾರರು ಪ್ರಯೋಗಾಲಯದಲ್ಲಿ ಸಿಕ್ಕಿಬೀಳಲಿಲ್ಲ. ಗಡಿಯ ಸುಂಕದವರು ಡಿಕ್ಕಿ ತೆರೆಸದಿದ್ದರೆ ಅವರೆಲ್ಲ ಇಂದಿಗೂ ‘ಶುದ್ಧ’ರೇ. ಜುಲೈ 8ರ ನಂತರ ‘ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ’ ಎಂಬ ಮಾತಿಗೆ ಯುರೋಪಿನಲ್ಲಿ ಕಿಮ್ಮತ್ತು ಉಳಿಯಲಿಲ್ಲ.

ಆದರೂ ಅಭಿಮಾನ ಥಟ್ಟನೆ ಸಾಯುವುದಿಲ್ಲ. ಫೆಸ್ಟಿನಾದ ರಿಷಾರ್ ವಿರೆಂಕ್ ಎರಡು ವರ್ಷ ನಿರಾಕರಿಸಿ, 2000ದ ಅಕ್ಟೋಬರ್‌ನಲ್ಲಿ ಲಿಲ್ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ನಿಷೇಧ ಮುಗಿಸಿ ಬಂದಾಗ ಜನ ಮತ್ತೆ ಅವನ ಹೆಸರು ಕೂಗಿದರು. ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ 2011ರದು. ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನದ ರಿಲೇ ತಂಡದ ನಾಲ್ವರಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿ ಮೂವರು ಪರೀಕ್ಷೆಯಲ್ಲಿ ವಿಫಲರಾದರು. ತರಬೇತುದಾರ ಕೊಟ್ಟ ಪೂರಕ ಆಹಾರದಿಂದ ಹೀಗಾಯಿತು ಎಂದು ಓಟಗಾರ್ತಿಯರು ವಾದಿಸಿದರು. ಉಕ್ರೇನ್‌ನ ತರಬೇತುದಾರ ಕೆಲಸ ಕಳೆದುಕೊಂಡ. ಭಾರತದ ಸಮಿತಿ ಒಂದು ವರ್ಷದ ನಿಷೇಧ ಹಾಕಿದ್ದನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡಕ್ಕೇರಿಸಿತು. ಕರಾವಳಿಯಲ್ಲಿ ಆಗ ಹೆಚ್ಚು ಕೇಳಿಬಂದದ್ದು ‘ಪಾಪ, ಹುಡುಗಿಗೆ ಗೊತ್ತಿರಲಿಲ್ಲ’ ಎಂಬ ಧಾಟಿಯ ಮಾತು. 1924ರ ಫ್ರೆಂಚ್ ಓದುಗರ ಮರುಕಕ್ಕೆ ಇದು ತೀರ ದೂರವಲ್ಲ.

ಮರುಕಕ್ಕೆ ಜಾಗವೇ ಇಲ್ಲದಂತೆ ಮಾಡಿದ್ದು ಆರ್ಮ್‌ಸ್ಟ್ರಾಂಗ್. ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಏಳು ಟೂರ್ ಗೆದ್ದ ಈ ಅಮೆರಿಕನ್, ತಾನು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ ಎಂಬುದನ್ನೇ ಗುರಾಣಿಯಾಗಿ ಹಿಡಿದ. ಅದೂ ಪೂರ್ತಿ ನಿಜವಲ್ಲ. 1999ರಲ್ಲೇ ಕಾರ್ಟಿಕೊಸ್ಟಿರಾಯ್ಡ್ ಪತ್ತೆಯಾಗಿತ್ತು. ಸೀಟಿನ ಹುಣ್ಣಿಗೆ ಹಚ್ಚಿದ ಮುಲಾಮು ಎಂದು ಹಿಂದಿನ ತಾರೀಖು ಹಾಕಿದ ಚೀಟಿ ತೋರಿಸಿದಾಗ ಯುಸಿಐ ಒಪ್ಪಿಕೊಂಡಿತು. ಈ ಸಂಗತಿಯನ್ನು ಹೇಳಿದ ಮಾಲೀಷುಗಾರ್ತಿ ಎಮ್ಮಾ ಓ’ರೈಲಿ ಮೇಲೆ ಮೊಕದ್ದಮೆ ಬಿತ್ತು. ಮದ್ದಿನ ವಿರುದ್ಧ ಪತ್ರಿಕೆಯಲ್ಲಿ ಬರೆಯುತ್ತಿದ್ದ ಸಹಸ್ಪರ್ಧಿ ಕ್ರಿಸ್ತೋಫ್ ಬಾಸ್ಸೊನ್‌ನ ಪಕ್ಕಕ್ಕೆ ಸೈಕಲ್ ತಂದು, ಮನೆಗೆ ಹೋಗು ಎಂದದ್ದೂ ಇದೇ ಆರ್ಮ್‌ಸ್ಟ್ರಾಂಗ್. ಬಾಸ್ಸೊನ್ ಸ್ಪರ್ಧೆ ಬಿಟ್ಟ.

2005ರ ಆಗಸ್ಟ್ 23ರಂದು ‘ಲೆಕಿಪ್’ ಪತ್ರಿಕೆ ಬಾಂಬು ಹಾಕಿತು. ಸಂಶೋಧನೆಗೆಂದು ಪ್ರಯೋಗಾಲಯ 1999ರ ಮಾದರಿಗಳನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿತ್ತು. ಬಾಟಲಿಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಪತ್ರಕರ್ತ ದಾಮಿಯೆನ್ ರೆಸಿಯೊ ಆ ಸಂಖ್ಯೆಗಳನ್ನು ತಪಾಸಣೆಯ ನಮೂನೆಗಳ ಜೊತೆ ಇಟ್ಟು ತಾಳೆ ನೋಡಿದಾಗ ಇಪಿಒ ಇದ್ದ ಆರು ಮಾದರಿಗಳು ಆರ್ಮ್‌ಸ್ಟ್ರಾಂಗ್‌ನವು ಎಂದು ತಿಳಿಯಿತು. ಯುಸಿಐ ಸ್ವತಂತ್ರ ತನಿಖೆ ಎಂದು ಹೇಳಿ ಡಚ್ ವಕೀಲರೊಬ್ಬರಿಂದ ವರದಿ ಬರೆಸಿತು. ಅದು ಸವಾರನನ್ನು ಬಿಟ್ಟು ಪ್ರಯೋಗಾಲಯದ ಮೇಲೇ ಹರಿಹಾಯ್ದಿತು. ಆ ವರದಿ ರೂಪಿಸುವುದರಲ್ಲಿ ಆರ್ಮ್‌ಸ್ಟ್ರಾಂಗ್ ಕಡೆಯವರದ್ದೇ ಕೈಯಿತ್ತು ಎಂದು ಸೈಕ್ಲಿಂಗ್ ಕುರಿತ 2015ರ ವಿಚಾರಣಾ ಆಯೋಗ ಬಯಲುಮಾಡಿತು. ಆತ ಯುಸಿಐಗೆ ದೇಣಿಗೆ ಕೊಟ್ಟದ್ದೂ ನಿಜವೇ, ಆದರೆ ಅದು ಲಂಚ ಎನ್ನಲು ಆಯೋಗಕ್ಕೆ ಪುರಾವೆ ಸಿಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಮದ್ದು ತಡೆ ಸಂಸ್ಥೆ 26 ಮಂದಿಯ ಸಾಕ್ಷ್ಯದೊಂದಿಗೆ, ಸಾವಿರ ಪುಟ ಮೀರಿದ ದಾಖಲೆ ಹೊರಹಾಕಿತು. ಏಳೂ ಪ್ರಶಸ್ತಿಗಳು ಹೋದವು. ವಿಜೇತರ ಪಟ್ಟಿಯಲ್ಲಿ ಆ ಏಳು ವರ್ಷಗಳ ಜಾಗ ಖಾಲಿ ಉಳಿದಿದೆ. ಅಲ್ಲಿ ಬರೆಯಲು ಗುಮಾನಿಯಿಲ್ಲದ ಇನ್ನೊಂದು ಹೆಸರು ಹುಡುಕುವುದೇ ಕಷ್ಟವಿತ್ತು.

ನಡುವೆ ಜರ್ಮನಿಯಲ್ಲಿ ನಡೆದದ್ದನ್ನೂ ಹೇಳಬೇಕು. 2007ರ ಟೂರ್ ನಡೆಯುತ್ತಿರುವಾಗಲೇ ತಮ್ಮ ದೇಶದ ಸವಾರನೊಬ್ಬನ ಪರೀಕ್ಷಾ ಫಲಿತಾಂಶ ಹೊರಬಂದದ್ದೇ ತಡ, ಸಾರ್ವಜನಿಕ ವಾಹಿನಿಗಳಾದ ಎಆರ್‌ಡಿ, ಝಡ್‌ಡಿಎಫ್ ನೇರಪ್ರಸಾರ ನಿಲ್ಲಿಸಿದವು.

ಪರೀಕ್ಷೆಯ ಮೇಲೆ ನಂಬಿಕೆ ಹೋದ ಮೇಲೆ ಜನ ಗಡಿಯಾರ ನೋಡತೊಡಗಿದರು. ಫೆಸ್ಟಿನಾದ ಮಾಜಿ ತರಬೇತುದಾರ ಆಂತ್ವಾನ್ ವಾಯೆರ್ ಬೆಟ್ಟ ಹತ್ತಿದ ಸಮಯದಿಂದ ಶಕ್ತಿಯನ್ನು ಲೆಕ್ಕಹಾಕಿ ಮಟ್ಟಗಳನ್ನು ಗುರುತಿಸಿದ: 410 ವಾಟ್ ದಾಟಿದರೆ ಸಂಶಯ, 430 ದಾಟಿದರೆ ಪವಾಡ, 450 ದಾಟಿದರೆ ಮನುಷ್ಯನೇ ಅಲ್ಲ. ಕೇಳಲು ವಿಜ್ಞಾನದಂತಿದೆ. ಆದರೆ ಫ್ರೂಮ್ ಮೇಲೆ ಮೂತ್ರ ಬಿದ್ದ ಮರುದಿನ ಫ್ರೆಂಚ್ ಟಿವಿ ಅದೇ ವಾರದ ಒಂದು ಘಟ್ಟದಲ್ಲಿ ಅವನು ಪ್ರತಿ ಕಿಲೋ ತೂಕಕ್ಕೆ 7.04 ವಾಟ್ ಹೊರಡಿಸಿದ ಎಂದಿತು. ಎರಡು ದಿನ ಬಿಟ್ಟು ಅವನ ಸ್ಕೈ ತಂಡ 5.78 ಎಂದು ತನ್ನ ಅಂಕಿ ಮುಂದಿಟ್ಟಿತು. ಒಂದೇ ದೇಹ, ಒಂದೇ ಬೆಟ್ಟ, ಎರಡು ಲೆಕ್ಕ. ನಂಬುವವರು ಎರಡನೆಯದನ್ನೂ ನಂಬದವರು ಮೊದಲನೆಯದನ್ನೂ ಆರಿಸಿಕೊಂಡರು. 2017ರಲ್ಲಿ ಫ್ರೂಮ್ ಮೂತ್ರದಲ್ಲಿ ಅಸ್ತಮಾ ಔಷಧ ಸಾಲ್ಬುಟಮಾಲ್ ಮಿತಿಗಿಂತ ಹೆಚ್ಚು ಸಿಕ್ಕಿ, 2018ರ ಜುಲೈನಲ್ಲಿ ಪ್ರಕರಣ ಮುಚ್ಚಿತು. ಕೆಲವೇ ದಿನಗಳಲ್ಲಿ ಟೂರ್ ವೇದಿಕೆಗೆ ಬಂದವನನ್ನು ಜನ ಹೀಗಳೆದರು.

ಅನುಮಾನ ದೇಹ ದಾಟಿ ಸೈಕಲ್‌ಗೂ ಇಳಿದಿದೆ. 2016ರ ಜನವರಿಯಲ್ಲಿ ವಿಶ್ವ ಸೈಕ್ಲೊಕ್ರಾಸ್ ಸ್ಪರ್ಧೆಯಲ್ಲಿ ಬೆಲ್ಜಿಯಂನ ಯುವ ಸ್ಪರ್ಧಿಯ ಸೈಕಲ್‌ನೊಳಗೆ ಮೋಟರ್ ಸಿಕ್ಕಿತು. ಮುಂದೆ ಅಧಿಕಾರಿಗಳು ಸೈಕಲ್‌ಗಳ ಎಕ್ಸ್‌ರೇಯನ್ನೂ ತೆಗೆಯತೊಡಗಿದರು.

ಇಷ್ಟೆಲ್ಲ ಅನುಮಾನ ಅತಿಯೇ? ಅಂಕಿಗಳು ಸುಲಭದ ಉತ್ತರ ಕೊಡುವುದಿಲ್ಲ. 2011ರಲ್ಲಿ ಡೇಗುವಿನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಹೆಸರು ಗೊತ್ತಾಗದ ರೀತಿಯಲ್ಲಿ ಕ್ರೀಡಾಪಟುಗಳನ್ನು ಕೇಳಿದಾಗ, ಹಿಂದಿನ ಒಂದು ವರ್ಷದಲ್ಲಿ ಮದ್ದು ಬಳಸಿದವರ ಪ್ರಮಾಣ ಸುಮಾರು ಶೇ 43.6 ಎಂಬ ಅಂದಾಜು ಸಿಕ್ಕಿತ್ತು. ಪರೀಕ್ಷೆಗಳಲ್ಲಿ ಸಿಕ್ಕಿಬೀಳುವವರು ಶೇ 1ರಿಂದ 2. 2015ರ ಸೈಕ್ಲಿಂಗ್ ಆಯೋಗದ ಮುಂದೆ ಒಬ್ಬ ಅನುಭವಿ, ಈಗಲೂ ಶೇ 90 ಮಂದಿ ಮದ್ದು ಬಳಸುತ್ತಾರೆ ಎಂದ. ಇನ್ನೊಬ್ಬ ಶೇ 20 ಎಂದ. ಒಳಗಿದ್ದವರಿಗೇ ಇಷ್ಟು ಅಂತರವಿದ್ದರೆ ರಸ್ತೆಬದಿಯಲ್ಲಿ ನಿಂತವರ ಪಾಡೇನು?

2024ರ ಜುಲೈ 14ರಂದು ತಾದೆಯ್ ಪೊಗಾಚರ್ ಪ್ಲಾಟೊ ದ ಬೆಯ್ ಘಟ್ಟವನ್ನು ಮಾರ್ಕೊ ಪಂತಾನಿಯ 1998ರ ದಾಖಲೆಗಿಂತ ಮೂರು ನಿಮಿಷಕ್ಕೂ ಹೆಚ್ಚು ಬೇಗ ಹತ್ತಿದ. ಪಂತಾನಿಯ ಆ ವರ್ಷದ ಮಾದರಿಯಲ್ಲಿ ಇಪಿಒ ಇದ್ದದ್ದು 2013ರ ಫ್ರೆಂಚ್ ಸೆನೆಟ್ ವರದಿಯಲ್ಲಿ ದಾಖಲಾಗಿದೆ. ಪೊಗಾಚರ್ ಮೇಲೆ ಯಾವ ಪ್ರಕರಣವೂ ಇಲ್ಲ. ಹಗುರ ಸೈಕಲ್, ಉತ್ತಮ ಟೈರು, ಗಂಟೆಗೆ ನೂರು ಗ್ರಾಂ ಮೀರಿದ ಸಕ್ಕರೆ, ಎತ್ತರದ ಶಿಬಿರಗಳು ಎಂದು ಅವನ ಪರ ಕೊಡುವ ಕಾರಣಗಳಲ್ಲಿ ಹುರುಳಿದೆ. ಆದರೆ ಅವುಗಳಲ್ಲಿ ಕೆಲವನ್ನು ಆರ್ಮ್‌ಸ್ಟ್ರಾಂಗ್ ಕಾಲದಲ್ಲೂ ಜನ ಕೇಳಿದ್ದರು. ಅದೇ ಟೂರ್‌ನಲ್ಲಿ ಪ್ರಮುಖ ತಂಡಗಳು ರಕ್ತದ ಅಳತೆಗಾಗಿ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿಸುವ ಯಂತ್ರ ಬಳಸುತ್ತಿದ್ದುದು ಸುದ್ದಿಯಾಯಿತು. ಆಗ ಅದು ನಿಯಮಬಾಹಿರವಾಗಿರಲಿಲ್ಲ. ಪದೇಪದೇ ಉಸಿರಾಡುವುದನ್ನು ಯುಸಿಐ 2025ರ ಫೆಬ್ರವರಿಯಲ್ಲಿ ನಿಷೇಧಿಸಿತು. ಸಂಗ್ರಹಿಸಿದ ಮಾದರಿಗಳನ್ನು ಹತ್ತು ವರ್ಷದೊಳಗೆ ಮತ್ತೆ ಪರೀಕ್ಷಿಸಲು ವಾಡಾ ಸಂಹಿತೆಯಲ್ಲಿ ಅವಕಾಶವಿದೆ. 2024ರ ಫಲಿತಾಂಶಕ್ಕೆ ಆ ಅವಧಿ ಮುಗಿಯುವುದು 2034ರಲ್ಲಿ.