ಟ್ಯೂನರ್ ಹೇಳುವ ಬ್ಯಾಂಡ್‌ವಿಡ್ತ್: ಪಾಂಡವಪುರ ಉಪವಿಭಾಗದ ಡಿಜಿಟಲ್ ಟಿವಿ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

1. ಪ್ರಶ್ನೆ

ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕುಗಳಿವೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ದೂರದರ್ಶನ 2016ರಲ್ಲಿ 16 ನಗರಗಳಲ್ಲಿ ಡಿವಿಬಿ-ಟಿ2 ಭೂಪ್ರಸಾರ ಆರಂಭಿಸಿದಾಗ ಕರ್ನಾಟಕದಿಂದ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಮಾತ್ರ. ಹೀಗಾಗಿ ಇಲ್ಲಿ ಡಿಜಿಟಲ್ ಟಿವಿಗೆ ಉಳಿದ ಮುಖ್ಯ ದಾರಿಗಳು ಎರಡೇ, ಕೇಬಲ್ ಮತ್ತು ಡಿಶ್. ಕೇಬಲ್ ಡಿಜಿಟಲೀಕರಣದ 2ನೇ ಹಂತದಲ್ಲಿ (ಗಡುವು 31 ಮಾರ್ಚ್ 2013) ನೆರೆಯ ಮೈಸೂರು ಸೇರಿತ್ತು. ಈ ಭಾಗದ ಪಟ್ಟಣಗಳು 3ನೇ ಹಂತಕ್ಕೂ ಹಳ್ಳಿಗಳು 4ನೇ ಹಂತಕ್ಕೂ ಬಂದವು.

ಇಂಥ ಕಡೆ ಲಿನಕ್ಸ್ ಕಂಪ್ಯೂಟರಿಗೆ ಟ್ಯೂನರ್ ಜೋಡಿಸಿ ಸಿಗ್ನಲ್ ಸಮೀಕ್ಷೆ ಮಾಡಿದರೆ ಆವರ್ತನ, ಸಿಂಬಲ್ ದರ (ಸೆಕೆಂಡಿಗೆ ಕಳಿಸುವ ಸಂಕೇತಗಳ ಸಂಖ್ಯೆ), ಬ್ಯಾಂಡ್‌ವಿಡ್ತ್ ಮೂರೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಮೂರನೆಯ ಅಂಕಿಯನ್ನು ಅಳತೆಯೆಂದು ಓದುವುದು ತಪ್ಪು ಎಂಬುದು ಈ ಲೇಖನದ ವಾದ.

2. ಕೇಬಲ್: ಗುಣಾಕಾರದ ಫಲ

ಟ್ಯೂನರ್ ಬೇಕಾದ ಚಾನಲನ್ನು ಆಯ್ದುಕೊಂಡು ಅಕ್ಕಪಕ್ಕದವನ್ನು ಸೋಸಿ ಬಿಡುತ್ತದೆ. ಸೋಸುವ ಫಿಲ್ಟರ್ ಎಷ್ಟು ಅಗಲವಿರಬೇಕು ಎಂಬುದನ್ನು ನಿರ್ಧರಿಸುವುದು ಟ್ಯೂನರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್. ಭೂಪ್ರಸಾರದಲ್ಲಿ ಈ ಅಗಲವನ್ನು ಬಳಕೆದಾರನ ತಂತ್ರಾಂಶವೇ ಹೇಳಬೇಕು. ಕೇಬಲ್ಲಿನಲ್ಲಿ ಬಳಕೆದಾರ ಏನೇ ಬರೆದರೂ ಲಿನಕ್ಸ್‌ನ ತಿರುಳಾದ ಕರ್ನೆಲ್ ಅದನ್ನು ಸದ್ದಿಲ್ಲದೆ ಬದಿಗಿಟ್ಟು, ಸಿಂಬಲ್ ದರವನ್ನು 1.15ರಿಂದ ಗುಣಿಸಿ ಬಂದ ಅಂಕಿಯನ್ನು ಆ ಜಾಗದಲ್ಲಿ ತುಂಬುತ್ತದೆ. 0.15 ಎಂಬುದು ಡಿವಿಬಿ-ಸಿ ಮಾನಕದ ರೋಲ್-ಆಫ್, ಅಂದರೆ ಸಿಗ್ನಲ್‌ನ ಅಂಚುಗಳು ಇಳಿಯಲು ಬೇಕಾದ ಹೆಚ್ಚುವರಿ ಅಗಲ.

ಸೆಕೆಂಡಿಗೆ 68.75 ಲಕ್ಷ ಸಿಂಬಲ್ ಎಂಬ ಪ್ರಚಲಿತ ದರಕ್ಕೆ ಇದು 7.906 ಮೆಗಾಹರ್ಟ್ಸ್ ಆಗುತ್ತದೆ. 8 ಮೆಗಾಹರ್ಟ್ಸ್ ಚಾನಲ್‌ನಲ್ಲಿ ಹಿಡಿಯುತ್ತದೆ. 64-ಕ್ಯೂಎಎಮ್ ಮಾಡ್ಯುಲೇಶನ್‌ನಲ್ಲಿ ಇದೇ ದರ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹೊರುತ್ತದೆ. 7 ಮೆಗಾಹರ್ಟ್ಸ್ ಚಾನಲ್‌ನಲ್ಲಿ ಕೂರಬೇಕಾದರೆ ದರ ಸುಮಾರು 60.87 ಲಕ್ಷ ಮೀರುವಂತಿಲ್ಲ.

ಲೆಕ್ಕದ ಈ ಫಲ ಬರಿಯ ವರದಿಯಾಗಿ ನಿಲ್ಲುವುದಿಲ್ಲ. ಎಕ್ಸ್‌ಸಿ5000 ಚಿಪ್‌ನ ಡ್ರೈವರ್ ಅದನ್ನು ನೋಡಿಯೇ ಸೋಸುವ ಕ್ರಮವನ್ನು ಆರಿಸುತ್ತದೆ: 6 ಮೆಗಾಹರ್ಟ್ಸ್‌ವರೆಗೆ ಒಂದು, 7ರವರೆಗೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. 68.75 ಲಕ್ಷದ ಸಿಗ್ನಲ್‌ಗೆ ಸಮೀಕ್ಷಕ ತಪ್ಪಾಗಿ 52 ಲಕ್ಷ ಎಂದು ಕೊಟ್ಟರೆ ಲೆಕ್ಕ 5.98 ಎನ್ನುತ್ತದೆ, ಡ್ರೈವರ್ ಕಿರಿದಾದ ಫಿಲ್ಟರ್ ಹಾಕುತ್ತದೆ, ಸಿಗ್ನಲ್‌ನ ಅಂಚು ಕತ್ತರಿಸಿಹೋಗುತ್ತದೆ. ಆಗಲೂ ವರದಿಯಲ್ಲಿ ಕಾಣುವುದು ತಂತಿಯಲ್ಲಿರುವ ಅಗಲವಲ್ಲ, 5.98.

3. ಡಿಶ್: ಟ್ರಾನ್ಸ್‌ಪಾಂಡರ್ ಮೀರಿದ ಅಂಕಿ

ಡಿಡಿ ಫ್ರೀ ಡಿಶ್ ಬಳಸುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರ್‌ನಲ್ಲಿ ಕಕ್ಷೆ ಸೇರಿತು, 93.5 ಡಿಗ್ರಿ ಪೂರ್ವದಲ್ಲಿದೆ. ಉಡಾವಣೆಯ ಬಳಿಕ ಅದರ ಹತೋಟಿ ವಹಿಸಿಕೊಂಡದ್ದು ಕೆ.ಆರ್. ಪೇಟೆಗೆ ಹೊಂದಿಕೊಂಡ ಹಾಸನ ಜಿಲ್ಲೆಯ ಇಸ್ರೋ ಕೇಂದ್ರ. ಫ್ರೀ ಡಿಶ್‌ನ ಡಿವಿಬಿ-ಎಸ್ ಪ್ರಸಾರದ ಸಿಂಬಲ್ ದರ 295 ಲಕ್ಷ. ಡಿವಿಬಿ-ಎಸ್ ರೋಲ್-ಆಫ್ 0.35 ಆದ್ದರಿಂದ ಕರ್ನೆಲ್ ಕೇಬಲ್ಲಿನಂತೆಯೇ ಗುಣಿಸಿ ವರದಿ ಮಾಡುವುದು 39.825 ಮೆಗಾಹರ್ಟ್ಸ್. ಟ್ರಾನ್ಸ್‌ಪಾಂಡರ್‌ನ ಅಗಲವಾದರೋ 36 ಮಾತ್ರ.

ಇಲ್ಲಿ ದೋಷವೇನೂ ಇಲ್ಲ. 39.825 ಎಂಬುದು ಅಂಚುಗಳು ಸೊನ್ನೆಗಿಳಿಯುವವರೆಗಿನ ಸೈದ್ಧಾಂತಿಕ ಅಗಲ. ತುದಿಯ ಕ್ಷೀಣ ಭಾಗ ಸ್ವಲ್ಪ ಕಳೆದರೂ ಚಿತ್ರ ಬರುತ್ತದೆ. ಕರ್ನೆಲ್‌ನ ದಾಖಲೆಯೇ ಈ ಅಂಕಿಯನ್ನು ಅಂದಾಜು ಎನ್ನುತ್ತದೆ.

4. ಹಳೆಯ ಸಂಕೇತ: ಸೊನ್ನೆಯ ಗೊಂದಲ

ತಂತ್ರಾಂಶಗಳು ಕರ್ನೆಲ್ ಜೊತೆ ಮಾತಾಡುವ ಹಿಂದಿನ ಇಂಟರ್ಫೇಸ್‌ನಲ್ಲಿ ಬ್ಯಾಂಡ್‌ವಿಡ್ತ್‌ಗೆ ಹರ್ಟ್ಸ್ ಇರಲಿಲ್ಲ, ಕ್ರಮಸಂಖ್ಯೆಯಿತ್ತು: 8 ಮೆಗಾಹರ್ಟ್ಸ್‌ಗೆ 0, 7ಕ್ಕೆ 1, 6ಕ್ಕೆ 2. ಎಂಟಿ2060ರಂಥ ಡ್ರೈವರ್‌ಗಳು ಭೂಪ್ರಸಾರವಾದರೆ ಆ ಸಂಖ್ಯೆಯನ್ನು, ಉಳಿದಂತೆ 0ಯನ್ನು ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ 0 ಎಂಬ ಉತ್ತರಕ್ಕೆ ‘8 ಮೆಗಾಹರ್ಟ್ಸ್’ ಎಂದೂ ‘ಅನ್ವಯಿಸದು’ ಎಂದೂ ಅರ್ಥವಿತ್ತು. ಹರ್ಟ್ಸ್ ಆಧಾರಿತ ಹೊಸ ಇಂಟರ್ಫೇಸ್ 2008ರ ಕೊನೆಯಲ್ಲಿ 2.6.28 ಕರ್ನೆಲ್ ಜೊತೆ ಬಂದಿತು. ಟ್ಯೂನರ್ ಡ್ರೈವರ್‌ಗಳು ವ್ಯಾಪಕವಾಗಿ ಅದಕ್ಕೆ ಬದಲಾದದ್ದು 2012ರ 3.3ರ ಹೊತ್ತಿಗೆ. ಹೊಸದರಲ್ಲಿ 0 ಎಂದರೆ ‘ತಾನೇ ಕಂಡುಕೊಳ್ಳಲಿ’. ಒಂದೇ ಅಂಕಿಗೆ ಕಾಲಭೇದದಿಂದ ಮೂರು ಅರ್ಥಗಳು.

5. ಉಪಸಂಹಾರ

ಗ್ರಾಮೀಣ ಪ್ರಸಾರದ ಸಮೀಕ್ಷೆಯಲ್ಲಿ ಬ್ಯಾಂಡ್‌ವಿಡ್ತ್ ಅಂಕಿಯನ್ನು ಒಂಟಿಯಾಗಿ ದಾಖಲಿಸಬಾರದು. ಪ್ರಸಾರ ಪದ್ಧತಿ, ಸಿಂಬಲ್ ದರ, ರೋಲ್-ಆಫ್, ಕರ್ನೆಲ್ ಆವೃತ್ತಿ ಇವು ಜೊತೆಗಿದ್ದರೆ ಅಂಕಿ ಬಂದ ದಾರಿಯನ್ನು ಮುಂದಿನ ಓದುಗರು ಮರಳಿ ಲೆಕ್ಕ ಹಾಕಬಲ್ಲರು. ಸಿಂಬಲ್ ದರವಿದ್ದಲ್ಲಿ ಬ್ಯಾಂಡ್‌ವಿಡ್ತ್ ಹೊಸದೇನನ್ನೂ ಹೇಳುವುದಿಲ್ಲ. ಎರಡನ್ನೂ ಪ್ರತ್ಯೇಕ ಪುರಾವೆಗಳೆಂದು ಎಣಿಸಿದರೆ ಒಂದೇ ಸಾಕ್ಷಿಯನ್ನು ಎರಡು ಸಲ ಕರೆದಂತಾಗುತ್ತದೆ. ನಾಗಮಂಗಲದ ಕೇಬಲ್ಲಿನಲ್ಲಿ ಸಿಗ್ನಲ್ ನಿಜವಾಗಿ ಎಷ್ಟು ಅಗಲ ಹರಡಿದೆ ಎಂದು ತಿಳಿಯಬೇಕಿದ್ದರೆ ಸ್ಪೆಕ್ಟ್ರಮ್ ಅನಲೈಸರ್‌ನಿಂದಲೇ ಅಳೆಯಬೇಕು.